ನೀಲಿ ಚುಕ್ಕೆಯ ತಾಮ್ರಚಿಟ್ಟೆ

ಸೆಜ್‌ಬರಿ ಪಾದ್ರಿಮನೆ, ಹಂಟಿಂಗ್ಡನ್ ಸೀಮೆ
ಜುಲೈ ೯, ೧೭೬೮

ಪ್ರಿಯ ಮಿತ್ರ ಲೈಲ್ ಅವರೆ,

ಈ ಕಾಗದದ ಜೊತೆ ಬರುವ ಬುಟ್ಟಿಯನ್ನು ದಯವಿಟ್ಟು ಆಳುಗಳ ಕೈಗೆ ಕೊಡಬೇಡಿ. ಮೇಲಿನ ಜಾಡಿಯಲ್ಲಿರುವುದು ಉಪ್ಪು ಹಾಕಿದ ಹಾವುಮೀನು, ಪ್ರತಿ ವರ್ಷ ಕಳಿಸುವುದೇ. ಅದು ಅಡುಗೆಮನೆಗೆ ಹೋಗಲಿ. ಕೆಳಗೆ ಹೊಟ್ಟಿನಲ್ಲಿ ಹುದುಗಿಸಿಟ್ಟ ಪುಟ್ಟ ಪೆಟ್ಟಿಗೆಯನ್ನು ಮಾತ್ರ ನೀವೇ, ಕಿಟಕಿ ಮುಚ್ಚಿಕೊಂಡು, ಉಸಿರು ಬಿಗಿಹಿಡಿದು ತೆಗೆಯಬೇಕು.

ತೆಗೆದಿರಾ? ಈಗ ಹೇಳಿ, ಇಂಥದ್ದನ್ನು ಜನ್ಮದಲ್ಲಿ ಕಂಡಿದ್ದೀರಾ?

ಮೊದಲ ನೋಟಕ್ಕೆ ಅದು ನಮ್ಮ ಜೌಗಿನ ಮಾಮೂಲಿ ತಾಮ್ರಚಿಟ್ಟೆಯೇ. ಅಂಥವು ಜುಲೈ ಬಂತೆಂದರೆ ಇಲ್ಲಿ ಕಾಲಿಗೆ ಕೈಗೆ ಸಿಕ್ಕುತ್ತವೆ. ಆದರೆ ಹಿಂದಿನ ರೆಕ್ಕೆಯ ಅಂಚು ನೋಡಿ. ಆ ನೀಲಿ ಚುಕ್ಕೆಗಳ ಸಾಲು ಯಾವ ಪುಸ್ತಕದಲ್ಲಿದೆ? ಯಾವ ಸಂಗ್ರಹದಲ್ಲಿದೆ? ಎಲ್ಲೂ ಇಲ್ಲ. ಇಪ್ಪತ್ತು ವರ್ಷ ಈ ಜೌಗಿನ ಚಳಿಜ್ವರ ತಿಂದು, ಗಸಗಸೆ ಕಷಾಯ ಕುಡಿದು, ಕೊನೆಗೂ ದೇವರು ನನ್ನ ಕಡೆ ನೋಡಿದ.

ನಿಜ ಹೇಳಬೇಕೆಂದರೆ ಹಿಡಿದದ್ದು ನನ್ನ ಮಗಳು ಡಾರ್ಕಸ್. ಆದರೆ ಬಲೆ ನನ್ನದು, ಜೌಗು ನನ್ನ ಪಾದ್ರಿಗಿರಿಯ ಎಲ್ಲೆಯೊಳಗಿನದು, ಮಗಳೂ ನನ್ನವಳೇ. ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಮೊಣಕಾಲುವರೆಗೆ ಕೆಸರು ಮೆತ್ತಿಕೊಂಡು ನೇರ ಒಳಗೆ ಬಂದಳು.

“ಅಪ್ಪ, ಊಟ ಬಿಟ್ಟು ಏಳಿ.”

“ಕಾಲು ತೊಳ್ಕೊಂಡು ಬಾರೆ ಮೊದಲು. ನೆಲ ಎಲ್ಲ ಕೆಸರು.”

“ನೆಲ ನಾಳೆ ತೊಳೀಬಹುದು. ಇದು ಹಾರಿಹೋದ್ರೆ ನೀವು ಸಾಯೋವರೆಗೂ ನನ್ನ ಬೈತಾ ಇರ್ತೀರಿ.”

ಬೈಯುತ್ತಿದ್ದೆ, ಅನುಮಾನವೇ ಇಲ್ಲ. ಅವಳ ತಾಯಿ ಹೋದ ಮೇಲೆ ಈ ಮನೆಯಲ್ಲಿ ನನ್ನ ಜೊತೆ ಚಿಟ್ಟೆಯ ಮಾತಾಡುವವಳು ಅವಳೊಬ್ಬಳೇ. ಆ ಸಂಜೆ ಇಬ್ಬರೂ ಒಂದೇ ಭೂತಗನ್ನಡಿಯನ್ನು ಕಿತ್ತಾಡಿಕೊಂಡು ನೋಡಿದೆವು. ಅವಳೇ ಸೂಜಿ ಚುಚ್ಚಿ ರೆಕ್ಕೆ ಹರಡಿದಳು, ಅವಳೇ ಚಿತ್ರವನ್ನೂ ಬರೆದಳು. ಚಿತ್ರ ಪೆಟ್ಟಿಗೆಯ ಮುಚ್ಚಳದೊಳಗಿದೆ.

ಈಗ ನನ್ನ ಪ್ರಾರ್ಥನೆ. ನೀವು ಅಚ್ಚು ಹಾಕಿಸುತ್ತಿರುವ ಚಿಟ್ಟೆಗಳ ಪುಸ್ತಕದಲ್ಲಿ ಇದಕ್ಕೊಂದು ಪುಟ ಸಿಕ್ಕಿ, ಅದರಡಿಯಲ್ಲಿ ‘ಟೆಂಚ್ ತಾಮ್ರಚಿಟ್ಟೆ’ ಎಂದು ಬಿದ್ದರೆ, ನನ್ನ ಗೋರಿಯ ಮೇಲೆ ಬೇರೆ ಏನೂ ಕೆತ್ತಿಸಬೇಕಾಗಿಲ್ಲ.

ನಿಮ್ಮ ವಿನಮ್ರ ಸೇವಕ,
ಬಾರ್ನಬಿ ಟೆಂಚ್


ಬ್ಲೂಮ್ಸ್‌ಬರಿ, ಲಂಡನ್
ಜುಲೈ ೨೧, ೧೭೬೮

ಪ್ರಿಯ ಟೆಂಚ್ ಅವರೆ,

ಹಾವುಮೀನು ಮುಗಿಯಿತು. ಚಿಟ್ಟೆಯನ್ನು ಇನ್ನೂ ತಿಂದಿಲ್ಲ, ಆದರೆ ಕಣ್ಣಲ್ಲೇ ಅರ್ಧ ನುಂಗಿದ್ದೇನೆ.

ನನ್ನ ಮನೆಯಲ್ಲಿ ಬ್ರೆಜಿಲಿನಿಂದ ಬಂದವಿವೆ, ಚೀನಾದಿಂದ ಬಂದವಿವೆ. ಸಮುದ್ರ ದಾಟಿ ಬಂದ ಚೆಲುವೆಯರಿಗೆಲ್ಲ ನಿಮ್ಮ ಕೆಸರಿನ ಹುಡುಗಿ ಸವಾಲು ಹಾಕಿದ್ದಾಳೆ. ಆದರೆ ಆತುರ ಬೇಡ. ಅಚ್ಚಿಗೆ ಹೋಗುವ ಮೊದಲು ನಮ್ಮ ಸಂಗ್ರಾಹಕರ ಕೂಟದವರು ನೋಡಬೇಕು, ಅದು ಪದ್ಧತಿ. ಸೆಪ್ಟೆಂಬರಿಗೆ ಎಲ್ಲರೂ ಹಳ್ಳಿಯಿಂದ ವಾಪಸ್ ಬರುತ್ತಾರೆ. ಆಗ ಊಟಕ್ಕೆ ಕರೆದು ತೋರಿಸುತ್ತೇನೆ.

ಎರಡು ಸಣ್ಣ ವಿಷಯ. ಇಂಥದ್ದು ಇನ್ನೊಂದು ಯಾರ ಕಣ್ಣಿಗಾದರೂ ಬಿದ್ದಿದೆಯೇ? ಬಿದ್ದಿಲ್ಲವಾದರೆ ಬಾಯಿಗೆ ಬೀಗ ಹಾಕಿಕೊಳ್ಳಿ. ಜಗತ್ತಿನಲ್ಲಿ ಒಂದೇ ಒಂದು ಇರುವ ವಸ್ತುವಿನ ಎದುರು ಕೂರುವ ಸುಖ ಎಂಥದ್ದೆಂದು ನಿಮಗೆ ನಾನು ಹೇಳಬೇಕೆ?

ಇನ್ನೊಂದು, ಆ ಚಿತ್ರ. ಎಂಥ ಕೈ ನಿಮ್ಮ ಮಗಳದು! ರೆಕ್ಕೆಯ ನೀಲಿ ಯಾವುದು, ಕಾಗದದ ನೀಲಿ ಯಾವುದು ಎಂದು ನನಗೇ ಗೊತ್ತಾಗಲಿಲ್ಲ.

ನಿಮ್ಮ ಆತ್ಮೀಯ,
ಎವರಾರ್ಡ್ ಲೈಲ್


ಬ್ಲೂಮ್ಸ್‌ಬರಿ
ಸೆಪ್ಟೆಂಬರ್ ೨, ೧೭೬೮

ಪ್ರಿಯ ಟೆಂಚ್ ಅವರೆ,

ಈ ಕಾಗದವನ್ನು ಮೂರು ಸಲ ಹರಿದು ಬರೆದಿದ್ದೇನೆ. ಕೂತು ಓದಿ.

ನಿನ್ನೆ ಕೂಟದವರು ಬಂದಿದ್ದರು. ಜಿಂಕೆ ಮಾಂಸ ಚೆನ್ನಾಗಿ ಬೆಂದಿತ್ತು, ಎಲ್ಲರೂ ಖುಷಿಯಲ್ಲಿದ್ದರು. ನಮ್ಮ ಕೂಟದ ಹಿರಿಯರಾದ ಡಾಕ್ಟರ್ ಪಾಟಲ್ ಗೊತ್ತಲ್ಲ, ಎಲ್ಲದರಲ್ಲೂ ಮೂಗು ತೂರಿಸುವ ಮನುಷ್ಯ. ತಟ್ಟೆ ತೆಗೆಯುವ ಮೊದಲೇ ಶುರು ಮಾಡಿದರು.

“ಎಲ್ರೀ ಲೈಲ್, ನಿಮ್ಮ ಪಾದ್ರಿಯ ಪವಾಡ? ಹೊರಗೆ ತೆಗೀರಿ.”

ತೆಗೆದೆ. ಮೇಜಿನ ಸುತ್ತ ಪೆಟ್ಟಿಗೆ ಹೋಯಿತು. ಎಲ್ಲರೂ ಮೆಚ್ಚಿದರು. ಪಾಟಲ್ ಮಾತ್ರ ಸುಮ್ಮನೆ ಒಂದು ಗರಿಯ ತುದಿಯನ್ನು ಮದ್ಯಸಾರದಲ್ಲಿ ಅದ್ದಿ ರೆಕ್ಕೆಯ ಅಂಚಿಗೆ ಮುಟ್ಟಿಸಿದರು. ದೇವರು ಕೊಟ್ಟ ಬಣ್ಣ ಮದ್ಯಸಾರಕ್ಕೆ ಬಿಡುವುದಿಲ್ಲ. ಇದು ಬಿಟ್ಟಿತು, ಟೆಂಚ್. ಗರಿಯ ತುದಿ ನೀಲಿಯಾಯಿತು.

ಆಮೇಲಿನ ನಗು ನಿಮ್ಮ ಕಿವಿಗೆ ಬೀಳಲಿಲ್ಲವಲ್ಲ, ಅಷ್ಟೇ ಪುಣ್ಯ. “ಪಾದ್ರಿಗಳು ಚಿಟ್ಟೆ ಹಿಡಿಯಲ್ಲ ಕಣ್ರೀ, ಜ್ಞಾನಸ್ನಾನ ಮಾಡಿಸ್ತಾರೆ!” ಎಂದು ಪಾಟಲ್ ಅಂದಾಗ ಒಬ್ಬರಿಗೆ ವೈನ್ ನೆತ್ತಿಗೇರಿತು.

ನಾನು ನಿಮ್ಮ ಪರ ನಿಂತೆ. “ಟೆಂಚ್ ಮೋಸಗಾರರಲ್ಲ. ಅವರ ಕಣ್ಣು ಮಂಜಾಗಿದೆ, ಅಷ್ಟೇ. ಮನೆಯಲ್ಲಿ ಬಣ್ಣ ಬಳಿಯುವ ಕೈ ಇನ್ನೊಂದಿದೆ,” ಎಂದೆ. ನಿಮ್ಮ ಮಾನ ಉಳಿಸಲು ಬೇರೆ ದಾರಿ ಕಾಣಲಿಲ್ಲ. ಹುಡುಗಿಯ ಚಿತ್ರವನ್ನೂ ತೋರಿಸಿದೆ. ಅದೇ ನೀಲಿ ಎಂದು ಎಲ್ಲರೂ ಒಪ್ಪಿದರು.

ಅವಳ ಮೇಲೆ ಸಿಟ್ಟು ಮಾಡಬೇಡಿ. ಮದುವೆಯಾಗದೆ ಮನೆಯಲ್ಲೇ ಉಳಿದ ಹೆಣ್ಣು, ಅಪ್ಪನ ಮೆಚ್ಚುಗೆಯ ಆಸೆಗೆ ಏನು ಬೇಕಾದರೂ ಮಾಡುತ್ತಾಳೆ. ಚಿಟ್ಟೆಯನ್ನು ವಾಪಸ್ ಕಳಿಸಿದ್ದೇನೆ. ನೀವೇ ಒಂದು ಚುಕ್ಕೆ ಒರೆಸಿ ನೋಡಿ.

ನಿಮ್ಮ ದುಃಖದಲ್ಲಿ ಪಾಲುದಾರ,
ಎವರಾರ್ಡ್ ಲೈಲ್


ಸೆಜ್‌ಬರಿ
ಸೆಪ್ಟೆಂಬರ್ ೧೨, ೧೭೬೮

ಪ್ರಿಯ ಲೈಲ್ ಅವರೆ,

ಒರೆಸಿ ನೋಡಿದೆ. ನೀಲಿ ಬಂತು.

ಅವಳನ್ನು ಕರೆದು ಮೇಜಿನ ಮುಂದೆ ನಿಲ್ಲಿಸಿದೆ. ನಡೆದದ್ದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ.

“ನೀನೇ ಬಳಿದಿದ್ದಾ?”

“ಇಲ್ಲಪ್ಪ.”

“ಇದೇನು ಮತ್ತೆ, ಹತ್ತಿಗೆ ಅಂಟಿರೋದು? ನೇರಳೆಹಣ್ಣಾ?”

ಅವಳು ಭೂತಗನ್ನಡಿ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. “ಅಪ್ಪ, ಇದು ನಾವು ಕಳಿಸಿದ್ದಲ್ಲ. ಇದು ಮಾಮೂಲಿ ತಾಮ್ರ. ಸೂಜಿ ನೋಡಿ. ಬೆನ್ನಿನ ಗೆರೆ ಕಾಣ್ಲಿ ಅಂತ ನಾನು ಯಾವಾಗ್ಲೂ ಬಲಕ್ಕೆ ಒಂಚೂರು ಸರಿಸಿ ಚುಚ್ತೀನಿ. ಇದು ನಟ್ಟನಡುವೆ ಇದೆ.”

“ಅಂದ್ರೆ ಲೈಲ್ ಅವರು ಕಳ್ಳರು ಅಂತೀಯಾ?”

“ನಾನು ಹಾಗನ್ಲಿಲ್ಲ. ನೀವಂದ್ರಿ.”

ಎತ್ತಿದ ಕೈಯನ್ನು ಸುಮ್ಮನೆ ಇಳಿಸಲಿಲ್ಲ. ದೇವರು ನನ್ನನ್ನು ಕ್ಷಮಿಸಲಿ. ಒಬ್ಬ ಸಭ್ಯ ಗೃಹಸ್ಥನ, ಇಪ್ಪತ್ತು ವರ್ಷದ ಸ್ನೇಹಿತನ ಮಾತು ಒಂದು ಕಡೆ, ಸೂಜಿ ಎಲ್ಲಿ ಚುಚ್ಚಿದೆ ಎಂಬ ಹೆಣ್ಣುಮಗಳ ತರ್ಕ ಇನ್ನೊಂದು ಕಡೆ. ಯಾವುದನ್ನು ನಂಬಲಿ? ಅವಳ ಬಣ್ಣದ ಪೆಟ್ಟಿಗೆಯನ್ನು ಒಲೆಗೆ ಹಾಕಿದೆ. ಬಲೆಯನ್ನು ಮುರಿದೆ. ಭಾನುವಾರ ಸುಳ್ಳು ಸಾಕ್ಷಿಯ ಬಗ್ಗೆ ಪ್ರವಚನ ಕೊಟ್ಟೆ. ಹೆಸರು ಹೇಳಲಿಲ್ಲ, ಆದರೆ ಊರಿಗೆ ಊರೇ ಅವಳ ಕಡೆ ತಿರುಗಿ ನೋಡಿತು. ಅವಳನ್ನು ನೋಡಲು ಬರುತ್ತಿದ್ದ ರಾಮ್ಸೆ ಊರಿನ ವಕೀಲರ ಮಗನಿಗೂ ಸುದ್ದಿ ಮುಟ್ಟಿದೆ. ಈಗ ಅವನು ಈ ಕಡೆ ತಲೆ ಹಾಕುವುದಿಲ್ಲ.

ಊಟದ ಹೊತ್ತಿನಲ್ಲಿ ಈಗ ನಾನು ಅವಳ ಜೊತೆ ಮಾತಾಡುವುದಿಲ್ಲ. ನೀವು ಆ ರಾತ್ರಿ ನನ್ನ ಪರ ನಿಂತ ಉಪಕಾರವನ್ನು ಸಾಯುವವರೆಗೂ ಮರೆಯುವುದಿಲ್ಲ.

ತಲೆ ತಗ್ಗಿಸಿರುವ ನಿಮ್ಮ ಸೇವಕ,
ಬಾರ್ನಬಿ ಟೆಂಚ್


ಸೆಜ್‌ಬರಿ
ಅಕ್ಟೋಬರ್ ೧೪, ೧೭೬೮

ಮಾನ್ಯ ಲೈಲ್ ಅವರಿಗೆ,

ನನ್ನ ತಂದೆಗೆ ತಿಳಿಯದಂತೆ ಬರೆಯುತ್ತಿದ್ದೇನೆ. ಸುತ್ತಿಬಳಸಿ ಬರೆಯುವುದು ನನಗೆ ಬರುವುದಿಲ್ಲ.

ನಾನು ಕಳಿಸಿದ ಚಿಟ್ಟೆ ನಿಮ್ಮ ಹತ್ತಿರವೇ ಇದೆ. ಅದು ನನಗೆ ಬೇಡ, ನೀವೇ ಇಟ್ಟುಕೊಳ್ಳಿ. ಪುಸ್ತಕದಲ್ಲಿ ನಿಮ್ಮ ಹೆಸರನ್ನೇ ಹಾಕಿಕೊಳ್ಳಿ. ಅಪ್ಪನಿಗೆ ಒಂದೇ ಒಂದು ಸಾಲು ಬರೆಯಿರಿ: ‘ನಿಮ್ಮ ಮಗಳು ಬಣ್ಣ ಬಳಿದಿಲ್ಲ.’ ಹೇಗೆ, ಯಾಕೆ ಎಂದು ವಿವರಿಸಬೇಕಾಗಿಲ್ಲ. ಪೆಟ್ಟಿಗೆ ಅದಲುಬದಲಾಯಿತು ಎಂದರೂ ಸಾಕು.

ತಾಯಿ ಸತ್ತಾಗ ನನಗೆ ಒಂಬತ್ತು ವರ್ಷ. ಅಂದಿನಿಂದ ಅಪ್ಪ ನನ್ನನ್ನು ಮಗಳೆಂದಲ್ಲ, ಜೊತೆಗಾರಳೆಂದು ಸಾಕಿದರು. ಈಗ ಉಪ್ಪು ಬೇಕಾದರೂ ಕೆಲಸದವಳ ಹತ್ತಿರ ಕೇಳುತ್ತಾರೆ, ಉಪ್ಪಿನ ಬಟ್ಟಲು ನನ್ನ ಕೈಯ ಪಕ್ಕದಲ್ಲೇ ಇರುತ್ತದೆ. ಅವರು ಮೊದಲಿನ ಹಾಗೆ ನನ್ನ ಮುಖ ನೋಡಬೇಕು. ನನಗೆ ಬೇಕಾದದ್ದು ಅಷ್ಟೇ.

ಡಾರ್ಕಸ್ ಟೆಂಚ್


ಬ್ಲೂಮ್ಸ್‌ಬರಿ
ಅಕ್ಟೋಬರ್ ೨೬, ೧೭೬೮

ಪ್ರಿಯ ಕುಮಾರಿ ಡಾರ್ಕಸ್,

ನಿನ್ನ ಕಾಗದ ಓದಿ ನನ್ನ ಕಣ್ಣು ಒದ್ದೆಯಾಯಿತು. ಆಮೇಲೆ ಅದನ್ನು ಬೆಂಕಿಗೆ ಹಾಕಿದೆ. ಯಾರಾದರೂ ನೋಡಿದರೆ ನಿನಗೇ ಕೆಟ್ಟ ಹೆಸರು.

ಒಂದು ಸುಳ್ಳನ್ನು ಬಹಳ ದಿನ ಹೇಳಿದರೆ ಅದು ನಮಗೇ ನಿಜವೆನ್ನಿಸುತ್ತದೆ, ಮಗಳೇ. ಆ ಜೌಗಿನ ಗಾಳಿ ಕೂಡ ಒಳ್ಳೆಯದಲ್ಲ. ಹೊಲಿಗೆ ಹಿಡಿ. ನಿನ್ನ ಬೆರಳುಗಳಿಗೆ ಅದು ಒಪ್ಪುತ್ತದೆ.

ನಿನ್ನ ಹಿತಚಿಂತಕ,
ಎ. ಲೈಲ್


ಸೆಜ್‌ಬರಿ
ಜೂನ್ ೨೦, ೧೭೬೯

ಮಾನ್ಯ ಲೈಲ್ ಅವರಿಗೆ,

ಅಪ್ಪ ನನ್ನ ಬಲೆಯನ್ನು ಮುರಿದರು. ಕಣ್ಣು ಕೀಳಲಿಲ್ಲ.

ಉರುವಲಿಗೆ ಜೌಗು ಮಣ್ಣು ಕಡಿದು ತೆಗೆದ ಹಳೆಯ ಗುಂಡಿಯ ಹತ್ತಿರ, ಹೋದ ವರ್ಷ ನಾನು ಅದನ್ನು ಹಿಡಿದ ಜಾಗದಲ್ಲೇ, ಈ ವಸಂತದಲ್ಲಿ ಕಂಬಳಿಹುಳಗಳು ಸಿಕ್ಕವು. ಆ ದಂಡೆಯ ಮೇಲೊಂದು ಗಿಡ ಬೆಳೆಯುತ್ತದೆ. ಅದರ ಎಲೆ ಬಿಟ್ಟು ಬೇರೇನೂ ಅವು ತಿನ್ನುವುದಿಲ್ಲ, ಜೌಗಿನ ಬೇರೆ ಕಡೆ ಎಲ್ಲೂ ಆ ಗಿಡವಿಲ್ಲ. ಬಟ್ಟೆ ಒಗೆಯುವ ಕೋಣೆಯ ಅಟ್ಟದಲ್ಲಿ, ನನ್ನ ಹಳೆಯ ಲಂಗದ ತೆಳುಬಟ್ಟೆ ಕಟ್ಟಿದ ಪೆಟ್ಟಿಗೆಯಲ್ಲಿ ಅವನ್ನು ಸಾಕಿದೆ. ಗೂಡು ಕಟ್ಟಿದವು. ಈ ವಾರ ಹೊರಬಂದವು. ಮೂವತ್ತಕ್ಕೂ ಹೆಚ್ಚಿವೆ, ಎಲ್ಲಕ್ಕೂ ನೀಲಿ ಚುಕ್ಕೆ. ಮದ್ಯಸಾರ ಮುಟ್ಟಿಸಿದೆ. ಬಿಡಲಿಲ್ಲ.

ಅಪ್ಪನಿಗೆ ಇನ್ನೂ ತೋರಿಸಿಲ್ಲ. ತೋರಿಸಿದರೆ ಇವಕ್ಕೂ ನಾನೇ ಬಳಿದೆ ಎನ್ನುತ್ತಾರೆ. ಅವರು ನಂಬುವುದು ನಿಮ್ಮನ್ನು. ಹಾಗಾಗಿ ನೀವೇ ಬರೆಯಬೇಕು. ಈ ತಿಂಗಳು ಮುಗಿಯುವುದರೊಳಗೆ ನಿಜ ಬರೆದರೆ ಸರಿ. ಇಲ್ಲವಾದರೆ ಡಾಕ್ಟರ್ ಪಾಟಲ್ ಅವರಿಂದ ಹಿಡಿದು ನಿಮ್ಮ ಕೂಟದ ಪ್ರತಿಯೊಬ್ಬರಿಗೂ ಒಂದೊಂದು ಜೋಡಿ ಕಳಿಸುತ್ತೇನೆ, ಜೊತೆಗೆ ಒಂದೊಂದು ಗರಿ.

ಡಾರ್ಕಸ್ ಟೆಂಚ್


ಬ್ಲೂಮ್ಸ್‌ಬರಿ
ಜೂನ್ ೨೭, ೧೭೬೯

ನನ್ನ ಪ್ರೀತಿಯ ಟೆಂಚ್,

ನಿಮ್ಮ ಮಗಳು ನಿರಪರಾಧಿ. ನೀವು ಕಳಿಸಿದ ಚಿಟ್ಟೆ ನನ್ನ ಮಲಗುವ ಕೋಣೆಯ ಬೀರುವಿನ ಅರೆಯಲ್ಲಿದೆ. ಪಾಟಲ್ ಒರೆಸಿದ್ದು, ನಿಮಗೆ ವಾಪಸ್ ಬಂದದ್ದು, ನನ್ನ ಚಿತ್ರಗಾರ ಬಣ್ಣ ಬಳಿದ ಮಾಮೂಲಿ ಚಿಟ್ಟೆ.

ಯಾಕೆ ಹೀಗೆ ಮಾಡಿದಿರಿ ಎಂದು ಬೇರೆ ಯಾರಾದರೂ ಕೇಳಿದ್ದರೆ ಉತ್ತರ ಹುಡುಕಬೇಕಾಗಿತ್ತು. ನೀವು ಕೇಳುವುದಿಲ್ಲ. ನೀವೂ ಸಂಗ್ರಾಹಕರು. ಅದು ಕೈಗೆ ಬಂದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ವಾಪಸ್ ಕೊಡುವುದೆಂದರೆ ಕೈ ಕತ್ತರಿಸಿಕೊಟ್ಟ ಹಾಗಿತ್ತು. ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಎಂದು ಎದೆ ಮುಟ್ಟಿಕೊಂಡು ಹೇಳಿ.

ಈಗ ಕೋಪ ಬದಿಗಿಟ್ಟು ಕೇಳಿ. ನಿಮ್ಮ ಅಟ್ಟದಲ್ಲಿ ಹುಡುಗಿ ಗುಟ್ಟಾಗಿ ಸಾಕಿದ ಮೂವತ್ತು ಚಿಟ್ಟೆಗಳಿವೆ. ಅವನ್ನು ಕೂಟದ ಎಲ್ಲರಿಗೂ ಹಂಚುತ್ತೇನೆಂದು ಹುಡುಗಿ ಹೆದರಿಸಿದ್ದಾಳೆ. ಹಂಚಲಿ. ಮುಂದಿನ ವರ್ಷ ಲಂಡನ್ನಿನ ಪ್ರತಿ ಔಷಧಿ ಅಂಗಡಿಯವನ ಗೋಡೆಯ ಮೇಲೂ ಅದು ತೂಗುತ್ತದೆ. ಆಮೇಲೆ ಅದಕ್ಕೆ ಯಾರ ಹೆಸರಿದ್ದರೆ ಏನು? ಕಾಗೆಗೆ ನಿಮ್ಮ ಹೆಸರಿಟ್ಟರೆ ಸಂತೋಷಪಡುತ್ತೀರಾ?

ಬದಲಿಗೆ ಹೀಗೆ ಮಾಡೋಣ. ನಾಲ್ಕು ಉಳಿಸಿ, ಎರಡು ನಿಮಗೆ, ಎರಡು ನನಗೆ. ಉಳಿದವನ್ನು ಮುಗಿಸಿ. ಅವುಗಳ ಕಂಬಳಿಹುಳ ತಿನ್ನುವ ಗಿಡ ಹಳೆಯ ಗುಂಡಿಯ ದಂಡೆಯಲ್ಲಿ ಮಾತ್ರ ಬೆಳೆಯುತ್ತದಂತೆ, ಆ ದಂಡೆಯನ್ನು ಸುಟ್ಟುಬಿಡಿ. ಪುಸ್ತಕ ಜನವರಿಗೆ ಬರುತ್ತದೆ. ಅಚ್ಚಿಗೆ ನಿಮ್ಮ ಮಗಳ ಹಳೆಯ ಚಿತ್ರವೇ ಸಾಕು. ಅಡಿಯಲ್ಲಿ ‘ಟೆಂಚ್ ತಾಮ್ರಚಿಟ್ಟೆ, ಪೂಜ್ಯ ಬಾರ್ನಬಿ ಟೆಂಚ್ ಅವರು ಸ್ವತಃ ಹಿಡಿದದ್ದು’ ಎಂದು ಕೆತ್ತಿಸುತ್ತೇನೆ. ಅಲ್ಲಿಯವರೆಗೆ ಯಾರಿಗೂ ತೋರಿಸುವುದು ಬೇಡ. ನಾನೂ ಅರೆಗೆ ಮುದ್ರೆ ಹಾಕಿಡುತ್ತೇನೆ.

ಹುಡುಗಿಯ ಕಥೆಯನ್ನು ಇದ್ದ ಹಾಗೇ ಬಿಡಬೇಕಾಗುತ್ತದೆ. ಎಲ್ಲೋ ನಿಜವಾದದ್ದು ಹಾರುವುದನ್ನು ಕಂಡು, ಅಪ್ಪನನ್ನು ಮೆಚ್ಚಿಸಲು ನಕಲು ಬಳಿದಳು. ಆಮೇಲೆ ಅಪ್ಪ ನಿಜವಾದದ್ದನ್ನೇ ಹಿಡಿದರು. ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಅವಳನ್ನು ತೊಳೆದು ಬೆಳ್ಳಗೆ ಮಾಡಲು ಹೋದರೆ ನಾನು ಕಪ್ಪಾಗುತ್ತೇನೆ, ನಾನು ಕಪ್ಪಾದರೆ ಪುಸ್ತಕವಿಲ್ಲ.

ಎಂದೆಂದಿಗೂ ನಿಮ್ಮವ,
ಎವರಾರ್ಡ್ ಲೈಲ್


ಸೆಜ್‌ಬರಿ
ಜುಲೈ ೧೧, ೧೭೬೯

ನನ್ನ ಪ್ರೀತಿಯ ಲೈಲ್,

ನೀವು ಮಹಾ ಖದೀಮರು! ಕಾಗದ ಓದಿ ಒಂದು ದಿನ ಪೂರ್ತಿ ನಿಮ್ಮನ್ನು ಶಪಿಸಿದೆ. ಮರುದಿನ ನಗು ಬಂತು. ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಆ ನೀಲಿ ನನ್ನ ಕೈಗೆ ಸಿಕ್ಕಿದ್ದರೆ ನಾನೂ ಬಿಡುತ್ತಿರಲಿಲ್ಲವೇನೋ.

ಎಲ್ಲ ಕೆಲಸವೂ ಆಯಿತು. ಬಟ್ಟೆ ಒಗೆಯುವ ಕೋಣೆಗೆ ಹೋದಾಗ ಅವಳು ಬೋಗುಣಿ ಹಿಡಿದು ನಿಂತಿದ್ದಳು.

“ಡಾರ್ಕಸ್, ನಿಂದೇನೂ ತಪ್ಪಿಲ್ಲ ಅಂತ ಗೊತ್ತಾಯ್ತು ಕಣೇ.”

ಬೋಗುಣಿ ಕೆಳಗಿಟ್ಟು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತಾಯಿಯ ಮಣ್ಣಿನ ದಿನದ ನಂತರ ಅವಳು ಅತ್ತದ್ದನ್ನು ನಾನು ನೋಡಿದ್ದೇ ಇಲ್ಲ. ನನ್ನ ಕೈ ಹಿಡಿದುಕೊಂಡಳು.

“ಹಾಗಾದ್ರೆ ಎಲ್ರಿಗೂ ಹೇಳ್ತೀರಾ ಅಪ್ಪ? ಈ ಭಾನುವಾರವೇ?”

“ಅದನ್ನೇ ಹೇಳೋಕೆ ಬಂದೆ. ಹೇಳೋ ಹಾಗಿಲ್ಲ.”

ನಿಮ್ಮ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಮುಚ್ಚುಮರೆ ಮಾಡುವುದು ನನ್ನ ಸ್ವಭಾವವಲ್ಲ. ಚಿಟ್ಟೆಗೆ ಇಡುವ ಹೆಸರು ಟೆಂಚ್, ಅವಳ ಹೆಸರೂ ಟೆಂಚ್, ಅವಳಿಗೂ ಅದರಲ್ಲಿ ಪಾಲಿದೆ ಎಂದು ಸಮಾಧಾನ ಮಾಡಿದೆ. ನನ್ನ ಕೈ ಬಿಟ್ಟಳು. ಒಳ್ಳೆಯ ನಾಲ್ಕನ್ನು ಆರಿಸಿ ಸೂಜಿ ಚುಚ್ಚು ಎಂದೆ. ಆರಿಸಿದಳು. ಅವಳಷ್ಟು ನಾಜೂಕಾಗಿ ರೆಕ್ಕೆ ಹರಡುವವರು ಇಂಗ್ಲೆಂಡಿನಲ್ಲೇ ಇಲ್ಲ.

“ಉಳಿದವು?”

“ಗಂಧಕದ ಹೊಗೆ ಕೊಡು.”

“ನಾನೇ ಕೊಡ್ಬೇಕಾ?”

“ನನಗೆ ಹೊಗೆ ಆಗಲ್ಲ ಕಣೇ, ಕೆಮ್ಮು ಬರುತ್ತೆ.”

ಕೊಟ್ಟಳು. ಮಧ್ಯಾಹ್ನ ಊರಿನ ಆಳುಗಳನ್ನು ಕರೆದುಕೊಂಡು ಹೋಗಿ ಆ ದಂಡೆಯ ಹಸಿರನ್ನೆಲ್ಲ ಕೊಯ್ಯಿಸಿ, ಹುಲ್ಲು ಹೊದಿಸಿ, ಬೆಂಕಿ ಇಡಿಸಿದೆ. ಬೇರನ್ನೂ ಅಗೆಸಿದೆ. ಇನ್ನು ಆ ಚಿಟ್ಟೆ ನಿಮ್ಮಲ್ಲಿ, ನನ್ನಲ್ಲಿ ಬಿಟ್ಟರೆ ಭೂಮಿಯ ಮೇಲೆ ಎಲ್ಲೂ ಇಲ್ಲ. ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ.

ಅವಳು ಇಲ್ಲಿರು ಎಂದರೂ ಇರುವಂತೆ ಕಾಣುವುದಿಲ್ಲ. ಎಲಿ ಪಟ್ಟಣದಲ್ಲಿರುವ ನನ್ನ ಅಕ್ಕ ಪ್ರಿಸಿಲ್ಲಾಗೆ ಪುಸ್ತಕ ಓದಿ ಹೇಳಲು, ನಾಯಿ ಎತ್ತಿಕೊಳ್ಳಲು ಒಬ್ಬಳು ಬೇಕಂತೆ. ಅಲ್ಲಿಗೆ ಹೋಗುತ್ತಾಳೆ. ನಿಮ್ಮ ಎರಡನ್ನು ಅವಳೇ ಪೆಟ್ಟಿಗೆಗೆ ಹಾಕಿಕೊಟ್ಟಳು, ನನ್ನ ಪೆಟ್ಟಿಗೆಯನ್ನೂ ಅವಳೇ ಸಿದ್ಧ ಮಾಡಿದಳು. ನನ್ನದಕ್ಕೂ ನಾನು ಮುದ್ರೆ ಹಾಕಿಟ್ಟೆ. ನಿಮ್ಮ ಎರಡನ್ನು ಮೊದಲನೆಯದರ ಪಕ್ಕದಲ್ಲೇ ಇಡಿ, ಮೂರೂ ಜೊತೆಗಿರಲಿ.

ಋಣಿ ಮಿತ್ರ,
ಬಾರ್ನಬಿ ಟೆಂಚ್


ಸೆಜ್‌ಬರಿ
ಮಾರ್ಚ್ ೪, ೧೭೭೦

ಪ್ರೀತಿಯ ಮಗಳು ಡಾರ್ಕಸ್‌ಗೆ,

ನಿನ್ನ ಅತ್ತೆಯ ಕೀಲುನೋವು ಹೇಗಿದೆ? ಇಷ್ಟು ದಿನ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ.

ನಿನ್ನ ಅಪ್ಪ ಮುಳುಗುತ್ತಿದ್ದಾನೆ. ಪುಸ್ತಕ ಬಂತು, ನಮ್ಮ ಚಿಟ್ಟೆಯ ಪುಟವೂ ಬಂತು. ಡಾಕ್ಟರ್ ಪಾಟಲ್ ಅದನ್ನು ನೋಡಿ, ಕೂಟದವರನ್ನೆಲ್ಲ ಕಟ್ಟಿಕೊಂಡು, ಮದ್ಯಸಾರದ ಶೀಶೆ ಹಿಡಿದುಕೊಂಡು ಲೈಲ್ ಮನೆಗೆ ಹೋದರಂತೆ. ಎಲ್ಲರ ಮುಂದೆ ಅರೆಯ ಮುದ್ರೆ ಒಡೆದರೆ ಒಳಗೆ ಏನೂ ಇಲ್ಲ! ಸೂಜಿಗಳು ನಿಂತಿವೆ, ಕೆಳಗೆ ಬೂದಿಯಂಥ ಪುಡಿ. ಹುಳ ಬಿದ್ದು ಮೂರನ್ನೂ ತಿಂದು ಹಾಕಿವೆ. ಸುದ್ದಿ ಬಂದೊಡನೆ ನನ್ನ ಪೆಟ್ಟಿಗೆ ತೆಗೆದೆ. ಅಲ್ಲೂ ಅದೇ ಗತಿ.

“ಹೋದ ಸಲ ಮಗಳು ಬಳಿದಳು ಅಂದ್ರಿ. ಈ ಸಲ ಯಾರು ಬಳಿದ್ರು? ಒರೆಸಿ ನೋಡ್ತೀವಿ ಅಂದ್ರೆ ಹುಳ ತಿಂತು ಅಂತೀರಿ,” ಎಂದು ಪಾಟಲ್ ಕೇಳಿದರಂತೆ. ಲೈಲ್ ಅವರನ್ನು ಕೂಟದಿಂದ ಹೊರಗೆ ಹಾಕಲು ಹೊರಟಿದ್ದಾರೆ. ಪುಸ್ತಕ ಕೊಂಡವರು ವಾಪಸ್ ಕಳಿಸುತ್ತಿದ್ದಾರೆ. ಬಿಷಪ್ ನನ್ನನ್ನು ಕರೆಸಿದ್ದಾರೆ. ಮೋಸಗಾರ ಪಾದ್ರಿ ಎಂದು ಪತ್ರಿಕೆಯಲ್ಲಿ ಪದ್ಯ ಬಂದಿದೆ. ಇಪ್ಪತ್ತು ವರ್ಷ, ಡಾರ್ಕಸ್! ನಾನು ಹಿಡಿದ ಉಳಿದ ಚಿಟ್ಟೆಗಳನ್ನೂ ಈಗ ಯಾರೂ ನಂಬುವುದಿಲ್ಲ.

ಹುಳ ಹೇಗೆ ಬಿತ್ತು? ಪೆಟ್ಟಿಗೆ ಕಟ್ಟಿದವಳು ನೀನು, ನಿನಗೇನಾದರೂ ಹೊಳೆಯುತ್ತದೆಯೇ?

ಪಾಟಲ್‌ಗೆ ನೀನು ಬರೆಯಬೇಕು. ಹಿಡಿದದ್ದು, ಸಾಕಿದ್ದು, ಲೈಲ್ ಅದಲುಬದಲು ಮಾಡಿದ್ದು, ಎಲ್ಲ ನಿಜವನ್ನೂ ಬರೆ. ನಾನೂ ಕೆಳಗೆ ಸಹಿ ಹಾಕುತ್ತೇನೆ. ಭಾನುವಾರ ಚರ್ಚಿನಲ್ಲಿ ಎಲ್ಲರ ಮುಂದೆ ನೀನು ನಿರ್ದೋಷಿ ಎಂದು ಹೇಳುತ್ತೇನೆ. ಮನೆಗೆ ಬಾ. ಹೊಸ ಬಲೆ ತರಿಸಿದ್ದೇನೆ.

ನಿನ್ನ ತಂದೆ,
ಬಾರ್ನಬಿ ಟೆಂಚ್


ಎಲಿ
ಏಪ್ರಿಲ್ ೨, ೧೭೭೦

ಅಪ್ಪ,

ಅತ್ತೆಯ ಕೀಲುನೋವು ಹಾಗೇ ಇದೆ.

ಹುಳ ತಾನಾಗಿ ಬೀಳಲಿಲ್ಲ. ಮೇಲಿನ ಮಹಡಿಯಲ್ಲಿ ಹುಳ ತಿಂದ ಹಳೆಯ ಅರೆಗಳಿದ್ದವಲ್ಲ, ಹುಳದ ಮೊಟ್ಟೆ ತುಂಬಿದ ಅವುಗಳ ತಳದ ಬೆಂಡನ್ನು ಕತ್ತರಿಸಿ ಎರಡೂ ಪೆಟ್ಟಿಗೆಗೆ ನಾನೇ ಹಾಸಿದೆ. ಕರ್ಪೂರ ಇಡಲಿಲ್ಲ. ಹೊಸದಾಗಿ ಬಂದದ್ದನ್ನು ಒಂದು ತಿಂಗಳು ಬೇರೆ ಇಟ್ಟು ನೋಡದೆ ಹಳೆಯದರ ಜೊತೆ ಇಡಬಾರದೆಂದು ನೀವೇ ನನಗೆ ಕಲಿಸಿದ್ದು. ಲೈಲ್ ಅವರಿಗೆ ಅಷ್ಟು ತಾಳ್ಮೆ ಇರುವುದಿಲ್ಲವೆಂದು ಗೊತ್ತಿತ್ತು. ನಿಮಗೂ ಇರಲಿಲ್ಲ.

ನೀವು ಹೇಳಿದ ಹಾಗೆ ಡಾಕ್ಟರ್ ಪಾಟಲ್ ಅವರಿಗೆ ಬರೆದೆ. ಆ ಗುಂಡಿಯ ದಂಡೆಯ ಮೇಲೆ ಅಂಥ ಚಿಟ್ಟೆ ಎಂದೂ ಹಾರಿಲ್ಲ, ಮೊದಲನೆಯದಕ್ಕೆ ನೀಲಿ ಬಳಿದದ್ದು ನಾನು, ಆಮೇಲಿನ ನಾಲ್ಕಕ್ಕೂ ನಾನೇ ಬಳಿದೆ, ನನ್ನ ತಂದೆ ಮತ್ತು ಲೈಲ್ ಅವರು ಇಬ್ಬರೂ ಕೇಳಿಕೊಂಡಿದ್ದರಿಂದ ಬಳಿದೆ ಎಂದು ಬರೆದೆ. ಒಂದು ಮಾಮೂಲಿ ತಾಮ್ರಕ್ಕೆ ನೀಲಿ ಚುಕ್ಕೆ ಹಚ್ಚಿ ಜೊತೆಗೆ ಕಳಿಸಿದೆ, ಕೈ ಯಾರದೆಂದು ಗೊತ್ತಾಗಲಿ ಎಂದು. ಒಣಗುವುದಕ್ಕೆ ಇಡೀ ಬೆಳಗ್ಗೆ ಬೇಕಾಯಿತು.

ನೀವು ನನ್ನ ಬಣ್ಣದ ಪೆಟ್ಟಿಗೆ ಸುಟ್ಟಾಗಲೇ ನನ್ನ ಹೆಸರು ಹೋಗಿತ್ತು. ಅದನ್ನು ಕಾಪಾಡಿಕೊಳ್ಳುವ ಕೆಲಸ ನನಗೆ ಉಳಿದಿರಲಿಲ್ಲ.

ನಿನ್ನೆ ಅವರ ಉತ್ತರ ಬಂತು. ತುಂಬಾ ಮರ್ಯಾದೆಯಿಂದ ಬರೆದಿದ್ದಾರೆ. ನನ್ನ ಪ್ರತಿಯೊಂದು ಮಾತನ್ನೂ ನಂಬಿದ್ದಾರಂತೆ, ಬಿಷಪ್ಪರಿಗೂ ಅದನ್ನೇ ತಿಳಿಸಿದ್ದಾರಂತೆ. ಒಬ್ಬ ಗಂಡಸು ಎದುರು ಪ್ರಶ್ನೆ ಕೇಳದೆ ನನ್ನನ್ನು ನಂಬಿದ್ದು ಇದೇ ಮೊದಲು, ಅಪ್ಪ.

ನಿಮ್ಮ ಮಗಳು,
ಡಾರ್ಕಸ್